ಲೂಮ್ ಹೆಣಿಗೆ: ಬಲೆಯಂಥ ಟೋಪಿಯಿಂದ ಜಡೆ ಟೋಪಿವರೆಗೆ

ನಾನು ಹೆಣೆದ ಮೊದಲ ಟೋಪಿಯನ್ನು ಯಾರೂ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ, ಒಳಗಿನ ಕೂದಲೆಲ್ಲ ಕಾಣುತ್ತಿತ್ತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿದೆ ಕಣೇ, ಇದರಲ್ಲಿ ಏನು ಹಿಡೀಬೇಕು ಅಂತಿದ್ದೀಯಾ?” ಅಂದರು.

ಸ್ವೆಟರ್ ಹಾಕುವ ಕಡ್ಡಿಗಳು ನನಗೆ ಒಲಿಯಲೇ ಇಲ್ಲ. ದೊಡ್ಡಮ್ಮ ಎರಡು ಸಲ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ನಾಲ್ಕು ಸಾಲು ಮುಗಿಯೋ ಹೊತ್ತಿಗೆ 20 ಕುಣಿಕೆ 17 ಆಗಿರುತ್ತಿತ್ತು. ಆ ಮೂರು ಎಲ್ಲಿ ಹೋದವು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಲೂಮ್ ಇಷ್ಟವಾಗಿದ್ದೇ ಇದಕ್ಕೆ. ಪ್ಲಾಸ್ಟಿಕ್ಕಿನ ಒಂದು ಬಳೆ, ಅದರ ಸುತ್ತ ಗೂಟಗಳು. ಪೆಗ್ ಅನ್ನುತ್ತಾರೆ, ನನಗೆ ಗೂಟ ಅಂದರೇ ಸರಿ. ಒಂದೊಂದು ಕುಣಿಕೆಗೂ ಒಂದೊಂದು ಗೂಟ. ಯಾವುದಾದರೂ ತಪ್ಪಿಸಿಕೊಂಡರೆ ಗೂಟ ಖಾಲಿ ಕಾಣುತ್ತದೆ, ಅಷ್ಟೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಉಪಾಯ. ಎಲ್ಲ ಕುಣಿಕೆಗಳನ್ನೂ ಒಂದೇ ಕಡ್ಡಿಗೆ ತುಂಬುವ ಬದಲು, ಪ್ರತಿ ಕುಣಿಕೆಗೂ ಅದರದೇ ಸೂಜಿ ಕೊಟ್ಟ.

ಹಾಗಾದರೆ ಟೋಪಿ ಬಲೆಯಾಗಿದ್ದು ಯಾಕೆ? ನೂಲು ತೆಳ್ಳಗಿತ್ತು. ಕಡ್ಡಿಯಲ್ಲಾದರೆ ತೆಳು ನೂಲಿಗೆ ಸಣ್ಣ ಕಡ್ಡಿ ತಗೊಂಡರೆ ಆಯಿತು. ಲೂಮಿನಲ್ಲಿ ಗೂಟದಿಂದ ಗೂಟಕ್ಕೆ ಎಷ್ಟು ದೂರ ಇದೆಯೋ ಅಷ್ಟೇ. ನನ್ನ ದುಂಡನೆಯ ಲೂಮುಗಳಲ್ಲಿ ಅದು ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ಅಷ್ಟು ಅಗಲದ ಕುಣಿಕೆ ತುಂಬಬೇಕು ಅಂದರೆ ದಪ್ಪ ನೂಲು ಬೇಕು. ಲೇಬಲ್ ಮೇಲೆ ಉಂಡೆಯ ಚಿತ್ರದೊಳಗೆ 0ಯಿಂದ 7ರವರೆಗೆ ಒಂದು ಸಂಖ್ಯೆ ಇರುತ್ತದೆ. 4 ಅಂದರೆ ಮಧ್ಯಮ, 6 ಅಂದರೆ ತುಂಬಾ ದಪ್ಪ. ನಾನು ತಂದಿದ್ದು 4, ಅದೂ ಒಂದೇ ಎಳೆ. ಎರಡು ಉಂಡೆ ಇಟ್ಟುಕೊಂಡು ಎರಡೆಳೆ ಒಟ್ಟಿಗೆ ಹಿಡಿದು ಹೆಣೆದ ಎರಡನೇ ಟೋಪಿ ಟೋಪಿ ಥರಾನೇ ಇತ್ತು. ಬಲೆ ಈಗ ಉಳಿದ ಉಲ್ಲನ್ ತುಂಡು ತುಂಬಿಡೋಕೆ ಆಗಿದೆ.

ಮೊದಲ ಆರು ತಿಂಗಳು ನನಗೆ ಬರುತ್ತಿದ್ದದ್ದು ಒಂದೇ ಸ್ಟಿಚ್, ಈ-ರ‍್ಯಾಪ್. ನೂಲನ್ನು ಬಳೆಯ ಒಳಗಿನಿಂದ ತಂದು ಗೂಟಕ್ಕೆ ಪೂರ್ತಿ ಒಂದು ಸುತ್ತು ಸುತ್ತಿ ಮತ್ತೆ ಒಳಗೇ ಬಿಡುವುದು. ಹಳೇ ಕುಣಿಕೆ ಕೆಳಗೆ, ಹೊಸ ಸುತ್ತು ಮೇಲೆ. ಕೊಕ್ಕೆಯಿಂದ ಕೆಳಗಿನದನ್ನು ಎತ್ತಿ ಗೂಟದ ತಲೆ ದಾಟಿಸಿ ಒಳಗೆ ಬಿಟ್ಟರೆ ಒಂದು ಸ್ಟಿಚ್. ಟಿವಿ ನೋಡುತ್ತಾ ಮಾಡಬಹುದು. ಆದರೆ ಇದರ ಕುಣಿಕೆಗಳು ಬುಡದಲ್ಲಿ ತಿರುಚಿಕೊಂಡಿರುತ್ತವೆ. ಕಡ್ಡಿಯಲ್ಲಿ ಹೆಣೆದ ಸ್ವೆಟರಿನ ಮೇಲೆ ಕಾಣುವ ಸಾಲು ಸಾಲು ‘ವಿ’ ಆಕಾರ ಇದರಲ್ಲಿ ಬರಲ್ಲ.

ಆ ‘ವಿ’ ಬೇಕು ಅಂತ ಫ್ಲಾಟ್ ನಿಟ್‌ಗೆ ಕೈ ಹಾಕಿದೆ. ಗೂಟದ ಮುಂದೆ ನೂಲನ್ನು ಸುಮ್ನೆ ಅಡ್ಡ ಇಟ್ಟು ಹಳೇ ಕುಣಿಕೆ ಎತ್ತಿಬಿಡೋದು. ಸುತ್ತೋ ಕೆಲಸವೇ ಇಲ್ಲ, ಬೇಗ ಆಗುತ್ತದೆ. ಮೂರನೇ ಸುತ್ತಿಗೆ ಕುಣಿಕೆಗಳು ಗೂಟವನ್ನು ಕತ್ತು ಹಿಸುಕುವ ಹಾಗೆ ಹಿಡಿದುಕೊಂಡವು. ಐದನೇ ಸುತ್ತಿಗೆ ಕೊಕ್ಕೆ ಒಳಗೇ ಹೋಗಲಿಲ್ಲ. ಬೆರಳ ತುದಿಯಲ್ಲಿ ಬೊಬ್ಬೆ ಬಂತು. ಅಡ್ಡ ಇಟ್ಟ ನೂಲಿಗೆ ಗೂಟ ಬಳಸಿ ಬರುವಷ್ಟು ಉದ್ದ ಇರಲ್ಲ, ಅಲ್ವಾ? ಅದು ಪಕ್ಕದ ಕುಣಿಕೆಯಿಂದ ಎಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಯು-ರ‍್ಯಾಪ್. ನೂಲನ್ನು ಗೂಟದ ಮುಂದಿನಿಂದ ತಂದು ಹಿಂದಕ್ಕೆ ಅರ್ಧ ಬಳಸಿ, ಆಮೇಲೆ ಎತ್ತಬೇಕು. ಅದೇ ‘ವಿ’ ಬರುತ್ತದೆ, ಉಸಿರಾಡಲು ಜಾಗವೂ ಇರುತ್ತದೆ. ಈಗ ನಾನು ಜಾಸ್ತಿ ಹೆಣೆಯುವುದು ಇದನ್ನೇ.

ಈ ‘ವಿ’ ಬರುವ ಸ್ಟಿಚ್‌ಗೆ ನಿಟ್ ಅನ್ನುತ್ತಾರೆ, ಅದರ ಹಿಂಬದಿಯಂತೆ ಕಾಣುವುದು ಪರ್ಲ್. ಈ ಪರ್ಲ್ ಕಲಿಯದೆ ತುಂಬಾ ದಿನ ತಳ್ಳಿದೆ. ಅದಕ್ಕೆ ತಕ್ಕ ಶಿಕ್ಷೆಯೂ ಆಯಿತು. ಕಡ್ಡಿಗೆ ಬರೆದ ಒಂದು ಮಫ್ಲರ್ ವಿನ್ಯಾಸದಲ್ಲಿ “ಎಲ್ಲ ಸಾಲೂ ನಿಟ್” ಅಂತಿತ್ತು. ಇದಕ್ಕಿಂತ ಸುಲಭ ಏನಿದೆ ಅಂತ ಲೂಮಿನಲ್ಲಿ ಎಲ್ಲ ಸಾಲೂ ನಿಟ್ ಹೆಣೆದೆ. ಲೂಮಿನಿಂದ ಇಳಿಸಿದಾಗ ಅದು ಎರಡೂ ಅಂಚಿನಿಂದ ಸುರುಳಿ ಸುತ್ತಿಕೊಂಡು ಒಳ್ಳೇ ಕೊಳವೆಯಾಯಿತು. ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಒಂದು ಕ್ಷಣ ನೋಡಿ, “ನೀನು ಇದನ್ನ ತಿರುಗಿಸ್ತೀಯಾ?” ಅಂತ ಕೇಳಿದರು. ಇಲ್ಲ ಅಂದೆ. “ಮತ್ತೆ?” ಅಂದರು.

ಅಲ್ಲೇ ಇತ್ತು ವಿಷಯ. ಕಡ್ಡಿಯಲ್ಲಿ ಸಾಲು ಮುಗಿದ ಮೇಲೆ ಹೆಣಿಗೆಯನ್ನು ತಿರುಗಿಸಿ ಹಿಂಬದಿಯಿಂದ ಬರುತ್ತಾರೆ. ಹಿಂದಿನಿಂದ ಹಾಕಿದ ನಿಟ್ ಮುಂದಿನಿಂದ ಪರ್ಲ್ ಆಗಿ ಕಾಣುತ್ತದೆ. ಲೂಮಿನಲ್ಲಿ ನಾವು ಎಡಕ್ಕೆ ಹೋದರೂ ಬಲಕ್ಕೆ ಬಂದರೂ ಮುಂಭಾಗವೇ ನಮ್ಮ ಕಡೆ. ಹಾಗಾಗಿ ಆ ಮಫ್ಲರ್ ಬೇಕಾದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್. ಕಡ್ಡಿಯ ವಿನ್ಯಾಸದಲ್ಲಿ ಹಿಂಬದಿಯ ಸಾಲು ಬಂದಾಗಲೆಲ್ಲ ನಿಟ್ ಇದ್ದಲ್ಲಿ ಪರ್ಲ್, ಪರ್ಲ್ ಇದ್ದಲ್ಲಿ ನಿಟ್ ಅಂತ ಓದಿಕೊಳ್ಳಬೇಕು. ದುಂಡಗೆ ಹೆಣೆಯುವ ಟೋಪಿಗೆ ಈ ತಲೆನೋವಿಲ್ಲ, ಅಲ್ಲಿ ಕಡ್ಡಿಯವರೂ ತಿರುಗಿಸಲ್ಲ.

ಪರ್ಲ್ ಹೀಗೆ: ನೂಲನ್ನು ಗೂಟದ ಮೇಲಿನ ಕುಣಿಕೆಗಿಂತ ಕೆಳಗೆ ಹಿಡಿಯಿರಿ. ಕೊಕ್ಕೆಯನ್ನು ಕುಣಿಕೆಯೊಳಗೆ ಮೇಲಿನಿಂದ ಕೆಳಕ್ಕೆ ಇಳಿಸಿ. ನೂಲನ್ನು ಹಿಡಿದು ಕುಣಿಕೆಯೊಳಗಿಂದ ಮೇಲಕ್ಕೆ ಎಳೆಯಿರಿ. ಈಗ ಕೊಕ್ಕೆಯಲ್ಲಿ ಹೊಸ ಕುಣಿಕೆ ಇದೆ. ಗೂಟದಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಮೆಲ್ಲಗೆ ಜಗ್ಗಿ. ನಾನು ಹೊಸ ಕುಣಿಕೆಯನ್ನು ಬಿಟ್ಟು ಹಳೆಯದನ್ನು ತೆಗೆಯುತ್ತಿದ್ದೆ, ಎರಡೂ ಹೋಗುತ್ತಿದ್ದವು. ಹೊಸದು ಗೂಟಕ್ಕೆ ಕೂರುವವರೆಗೆ ಬೆರಳಲ್ಲಿ ಹಿಡಿದಿರಬೇಕು. ಮೊದಲ ದಿನ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ವಾರದಲ್ಲಿ ಕೈ ತಾನೇ ಹೋಗತೊಡಗಿತು.

ನಿಟ್ ಮತ್ತು ಪರ್ಲ್ ಎರಡೂ ಬಂದ ಮೇಲೆ ಆಟ ಶುರು. ಎರಡು ನಿಟ್, ಎರಡು ಪರ್ಲ್ ಹಾಕಿದರೆ ಹಿಗ್ಗಿ ಕುಗ್ಗುವ ರಿಬ್. ಆಸೆಯಿಂದ 31 ಗೂಟದ ಲೂಮಿನಲ್ಲಿ ಶುರು ಮಾಡಿದೆ, ಸುತ್ತಿನ ಕೊನೆಯಲ್ಲಿ ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ತಪ್ಪಿತು. ಕೊನೆಗೆ ಹೊಳೆಯಿತು, 31 ನಾಲ್ಕರಿಂದ ಭಾಗವಾಗಲ್ಲ! ನನ್ನ ಸೆಟ್‌ನಲ್ಲಿ 24, 31, 36, 41 ಗೂಟದ ನಾಲ್ಕು ಬಳೆಗಳಿವೆ. ರಿಬ್‌ಗೆ ಸರಿಹೊಂದುವುದು 24 ಮತ್ತು 36 ಮಾತ್ರ. ಆದರೆ 31ರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಸೀಡ್ ಸ್ಟಿಚ್‌ಗೆ ಅದು ಹೇಳಿಮಾಡಿಸಿದಂತಿದೆ. ಒಂದು ನಿಟ್, ಒಂದು ಪರ್ಲ್ ಅಂತ ಸುಮ್ನೆ ಸುತ್ತುತ್ತಾ ಹೋಗಿ. ಬೆಸ ಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ನಿಟ್ ಮೇಲೆ ಪರ್ಲ್, ಪರ್ಲ್ ಮೇಲೆ ನಿಟ್ ತಾನಾಗೇ ಬಂದು ಕೂರುತ್ತದೆ. ಎಣಿಸುವ ಗೋಜೇ ಇಲ್ಲ. ಕಾಳು ಹರಡಿದಂಥ ಮೈ, ಅಂಚು ಸುರುಳಿಯಾಗಲ್ಲ. ನನಗೆ ಇವತ್ತಿಗೂ ಅತಿ ಪ್ರೀತಿಯ ಸ್ಟಿಚ್ ಇದು.

ಕೇಬಲ್ ಅಂದರೆ ಜಡೆ. ಇದರ ಮೇಲೆ ನನ್ನ ಕಣ್ಣು ಮೊದಲಿನಿಂದಲೂ ಇತ್ತು. 36 ಗೂಟಕ್ಕೆ ನಾಲ್ಕು ನಿಟ್, ಎರಡು ಪರ್ಲ್ ಲೆಕ್ಕದಲ್ಲಿ ಆರು ಜಡೆ ಬರುತ್ತವೆ. ಪಕ್ಕದ ಪರ್ಲ್ ಒಳಕ್ಕೆ ಇಳಿಯುತ್ತದೆ, ಜಡೆ ಮೇಲೆದ್ದು ಕಾಣುತ್ತದೆ. ನಾಲ್ಕು ಗೂಟದಲ್ಲಿ ಮೊದಲೆರಡರ ಕುಣಿಕೆಗಳನ್ನು ಒಂದು ದೊಡ್ಡ ಪಿನ್ನಿಗೆ ಹಾಕಿ ಬಳೆಯ ಒಳಗೆ ನೇತುಬಿಡಬೇಕು. ಮೂರು, ನಾಲ್ಕನೆಯದನ್ನು ಹೆಣೆದು ಆ ಕುಣಿಕೆಗಳನ್ನು ಒಂದು, ಎರಡಕ್ಕೆ ದಾಟಿಸಬೇಕು. ಪಿನ್ನಿನಲ್ಲಿದ್ದವನ್ನು ಮೂರು, ನಾಲ್ಕಕ್ಕೆ ಹಾಕಿ ಹೆಣೆಯಬೇಕು. ಹೇಳೋಕೆ ಸುಲಭ. ನಾನು ಮಾಡಿದಾಗ ಕುಣಿಕೆ ಎರಡು ಗೂಟ ದೂರ ಎಳೆಯಲಾಗದೆ ನಡುವೆ ನಿಂತಿತು, ಜೋರಾಗಿ ಎಳೆದಿದ್ದಕ್ಕೆ ನೂಲು ಪಟ್ ಅಂತ ಹರಿಯಿತು.

ಇಲ್ಲೂ ತಕರಾರು ಆ ಮೊದಲ ಟೋಪಿಯದ್ದೇ. ಕಡ್ಡಿಯಲ್ಲಿ ಕುಣಿಕೆಗಳು ಒತ್ತೊತ್ತಾಗಿ ಸರಿದು ಜಾಗ ಕೊಡುತ್ತವೆ. ಗೂಟ ಸರಿಯಲ್ಲ. ಕುಣಿಕೆ ನಾಲ್ಕು ಸೆಂಟಿಮೀಟರ್ ದಾಟಬೇಕು ಅಂದರೆ ಅಷ್ಟು ನೂಲನ್ನು ಮೊದಲೇ ಅದಕ್ಕೆ ಕೊಟ್ಟಿರಬೇಕು. ಅದಕ್ಕೆ ಈಗ ಜಡೆ ತಿರುವುವ ಹಿಂದಿನ ಸುತ್ತಿನಲ್ಲಿ ಆ ನಾಲ್ಕು ಗೂಟಗಳಿಗೆ ಮಾತ್ರ ಈ-ರ‍್ಯಾಪ್ ಹಾಕುತ್ತೇನೆ, ಅದೂ ಸಡಿಲವಾಗಿ. ಸುತ್ತು ಪೂರ್ತಿಯಾಗಿರುವುದರಿಂದ ನೂಲು ಜಾಸ್ತಿ ಇರುತ್ತದೆ, ಕುಣಿಕೆ ಆರಾಮಾಗಿ ದಾಟುತ್ತದೆ. ತಿರುಚಿದ್ದು ಜಡೆಯ ಮಡಿಕೆಯಲ್ಲಿ ಅಡಗಿಹೋಗುತ್ತದೆ. ಆರು ಸುತ್ತಿಗೊಮ್ಮೆ ತಿರುವಿದರೆ ಚೆಂದ. ಒಂದು ಮಾತ್ರ ಮರೆತಿದ್ದೆ, ಜಡೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನನಗೆ ಅಂತ ಹೆಣೆದ ಜಡೆ ಟೋಪಿ ಅಕ್ಕನ ಮಗಳ ತಲೆಗೆ ಹೋಯಿತು.

ಹೊಸದನ್ನು ಕಲಿಯುವಾಗ ನಾನೀಗ ನೇರ ಟೋಪಿಗೆ ಕೈ ಹಾಕಲ್ಲ. ಹನ್ನೆರಡು ಗೂಟದ ಮೇಲೆ ಅಂಗೈ ಅಗಲದ ತುಂಡು ಹೆಣೆದು, ಲೂಮಿನಿಂದ ಇಳಿಸಿ, ಒಂದು ರಾತ್ರಿ ಸುಮ್ನೆ ಬಿಟ್ಟು ಆಮೇಲೆ ಅಳೆಯುತ್ತೇನೆ. ಲೂಮಿನ ಮೇಲಿರುವಾಗ ಅಳೆದರೆ ಮೋಸ. ಗೂಟಗಳು ಅಗಲಕ್ಕೆ ಹಿಗ್ಗಿಸಿರುತ್ತವೆ. ಇಳಿಸಿದ ಮೇಲೆ ಅಗಲ ಕುಗ್ಗಿ ಉದ್ದ ಬೆಳೆಯುತ್ತದೆ. ಟೋಪಿಗಾದರೆ ತಲೆಯ ಸುತ್ತಳತೆಗಿಂತ ಒಂದೆರಡು ಇಂಚು ಕಮ್ಮಿಯೇ ಇರಲಿ, ಎಳೆದುಕೊಂಡು ಕೂರುತ್ತದೆ.

ಈಗ ಕೈಯಲ್ಲಿರುವುದು ಕಾಲುಚೀಲ. ಒತ್ತೊತ್ತಾಗಿ ಸಣ್ಣ ಗೂಟಗಳಿರುವ ಬೇರೆ ಲೂಮು, ನೂಲು ಒಂದೇ ಎಳೆ. ಹಿಮ್ಮಡಿಗೆ ಅರ್ಧ ಗೂಟಗಳ ಮೇಲೆ ಮಾತ್ರ ಹಿಂದೆ ಮುಂದೆ ಹೋಗಬೇಕು. ಪ್ರತಿ ಸಲ ಕೊನೆಯಲ್ಲಿ ಒಂದು ಗೂಟ ಬಿಡುತ್ತಾ ಹೋಗಿ, ಆಮೇಲೆ ಒಂದೊಂದೇ ಸೇರಿಸಿಕೊಳ್ಳುತ್ತಾ ವಾಪಸ್ ಬರಬೇಕು. ಹಿಮ್ಮಡಿಯೂ ಪಾದದ ಮೇಲ್ಭಾಗವೂ ಸೇರುವ ಮೂಲೆಯಲ್ಲಿ ಒಂದು ತೂತು ಬೀಳುತ್ತಿದೆ. ಅಲ್ಲಿ ಪಕ್ಕದ ಅಡ್ಡ ಎಳೆಯನ್ನು ಎತ್ತಿ ಗೂಟಕ್ಕೆ ಹಾಕಿ, ಕುಣಿಕೆಯ ಜೊತೆ ಸೇರಿಸಿ ಹೆಣೆದರೆ ಮುಚ್ಚುತ್ತದೆ. ಎಡಗಾಲಿನದರಲ್ಲಿ ಒಂದು ಬದಿ ಮುಚ್ಚಿದೆ, ಇನ್ನೊಂದು ಬದಿ ಮರೆತೆ. ಬಲಗಾಲಿನದು ಎರಡು ಸಲ ಬಿಚ್ಚಿ ಮೂರನೇ ಸಲ ಹಿಮ್ಮಡಿಯ ಹತ್ತಿರ ಬಂದು ನಿಂತಿದೆ.