ಸಂಗೀತ ಸರಣಿಯ ಕವರ್ ಹಾಡುಗಳ ಆಲ್ಬಮ್: ಪರವಾನಗಿಯಿಂದ ಪೆನ್‌ಡ್ರೈವ್‌ವರೆಗೆ

ಹಳೆಯ ಹಾಡುಗಳನ್ನು ಹೊಸಬರ ಬಾಯಲ್ಲಿ ಹಾಡಿಸಿ, ಅಂದರೆ ಕವರ್ ಮಾಡಿ, ಲೋಕಲ್ ಚಾನೆಲ್‌ಗೋ ಯೂಟ್ಯೂಬ್‌ಗೋ ಸರಣಿ ಮಾಡಿದ ಮೇಲೆ, "ಕಂತುಗಳಿಂದ ಹಾಡು ಕತ್ತರಿಸಿ ಒಂದು ಆಲ್ಬಮ್ ಬಿಟ್ಟುಬಿಡೋಣ" ಅನ್ನುವ ಮಾತು ಬಂದೇ ಬರುತ್ತದೆ. ಕತ್ತರಿಸಿದ್ದು ಆಲ್ಬಮ್ ಆಗುವುದಿಲ್ಲ. ಕಂತಿನಲ್ಲಿ ಹಾಡು ಒಂದೂವರೆ ನಿಮಿಷಕ್ಕೆ ಮುಗಿದಿರುತ್ತದೆ, ಎರಡನೇ ಚರಣದ ಮೇಲೆ ಮಾತು ಕೂತಿರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕಂತಿಗೆ ಸಿಕ್ಕ ಅನುಮತಿ ಆಲ್ಬಮ್‌ಗೆ ನಡೆಯುವುದಿಲ್ಲ. ಕವರ್ ಹಾಡುಗಳನ್ನೇ ಬಳಸುತ್ತಿದ್ದ ಅಮೆರಿಕದ ಟಿವಿ ಸರಣಿ 'ಗ್ಲೀ' 2009ರಲ್ಲಿ ಶುರುವಾಗಿ ಅದೇ ವರ್ಷ ಮೊದಲ ಆಲ್ಬಮ್ ತರಲು ಸಾಧ್ಯವಾದದ್ದು ಹಾಡುಗಳನ್ನು ಮೊದಲು ಸ್ಟುಡಿಯೊದಲ್ಲಿ ಮುದ್ರಿಸಿ, ಆಮೇಲೆ ಅದಕ್ಕೆ ತುಟಿ ಆಡಿಸಿ ಚಿತ್ರೀಕರಿಸುತ್ತಿದ್ದರಿಂದ. ತುಮಕೂರಿನಲ್ಲಿ ಮಾಡಿದರೂ ಕ್ರಮ ಅದೇ: ಮೊದಲು ಹಕ್ಕು, ಆಮೇಲೆ ಪೂರ್ತಿ ಹಾಡಿನ ಧ್ವನಿಮುದ್ರಣ, ಕೊನೆಗೆ ಕ್ಯಾಮೆರಾ.

ಹಕ್ಕಿನ ಲೆಕ್ಕ

ಒಂದು ಹಾಡಿನಲ್ಲಿ ಮೂರು ಆಸ್ತಿಗಳಿವೆ: ಸಾಹಿತ್ಯ, ರಾಗಸಂಯೋಜನೆ, ಮೂಲ ಧ್ವನಿಮುದ್ರಣ. ನೀವು ಹೊಸದಾಗಿ ಹಾಡಿ ಬಾರಿಸಿದರೆ ಮೂರನೆಯದರ ಗೊಡವೆ ಇಲ್ಲ. ಆದರೆ ನೆಟ್‌ನಲ್ಲಿ ಸಿಕ್ಕ ಕರೋಕೆ ಟ್ರ್ಯಾಕ್ ಮೇಲೆ ಹಾಡಿಸಿದಿರೋ, ಆ ಟ್ರ್ಯಾಕ್ ಮಾಡಿದವನ ಹಕ್ಕೂ ತಲೆಗೆ ಸುತ್ತಿಕೊಳ್ಳುತ್ತದೆ. ಆರ್ಕೆಸ್ಟ್ರಾ ವೇದಿಕೆಯಲ್ಲಿ ನಡೆದುಹೋಗುವ ಈ ಅಭ್ಯಾಸ ಆಲ್ಬಮ್‌ನಲ್ಲಿ ನಡೆಯುವುದಿಲ್ಲ.

ಸಾಹಿತ್ಯ, ಸಂಗೀತ ಎರಡಕ್ಕೂ ಕರ್ತೃ ತೀರಿಕೊಂಡ ವರ್ಷದ ಮುಂದೆ 60 ವರ್ಷ ಹಕ್ಕು ಉಳಿಯುತ್ತದೆ. ಎಣಿಕೆ ಮರುವರ್ಷದ ಜನವರಿ 1ರಿಂದ. ಮುಳಬಾಗಿಲಿನ ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಅವರ ಪದ್ಯಗಳು 2036ರ ಜನವರಿ 1ಕ್ಕೆ ಮುಕ್ತವಾಗುತ್ತವೆ, ಅಲ್ಲಿಯವರೆಗೆ ಕೇಳಿಯೇ ಬಳಸಬೇಕು. ಬಸವಣ್ಣನ ವಚನಕ್ಕಾಗಲಿ, ಕೈವಾರ ತಾತಯ್ಯನವರ ಕೀರ್ತನೆಗಾಗಲಿ ಸಾಹಿತ್ಯದ ತಡೆಯಿಲ್ಲ. ಎಡವುವುದು ಧಾಟಿಯಲ್ಲಿ. ಎಲ್ಲರ ಬಾಯಲ್ಲಿರುವ ಧಾಟಿ ಕ್ಯಾಸೆಟ್ ಕಾಲದಲ್ಲಿ ಒಬ್ಬ ಸಂಗೀತ ನಿರ್ದೇಶಕರು ಕೂಡಿಸಿದ್ದಿರಬಹುದು. ಮೂಲ ಗೊತ್ತಿಲ್ಲದ್ದಕ್ಕೆಲ್ಲ 'ಜಾನಪದ' ಅಂತ ಬರೆದುಬಿಡುವುದೂ ಇದೇ ಜಾತಿಯ ತಪ್ಪು. ಸಂಶಯವಿದ್ದರೆ ಹೊಸ ರಾಗ ಹಾಕಿಸಿ.

ಹಕ್ಕಿರುವ ಹಾಡನ್ನು ಹಾಡಲು ಕಾಪಿರೈಟ್ ಕಾಯ್ದೆಯ ಕಲಂ 31ಸಿ ಒಂದು ದಾರಿ ಕೊಡುತ್ತದೆ. ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು 5 ವರ್ಷ ಕಳೆದಿರಬೇಕು. ಹಕ್ಕುದಾರರಿಗೆ ಮುಂಚಿತವಾಗಿ ನೋಟಿಸ್, ಮುಖಪುಟದ ಪ್ರತಿ ಮತ್ತು ರಾಯಲ್ಟಿ ಸಲ್ಲಿಸಬೇಕು. ಈ ಕಲಮಿನಡಿ ಮಾಡಿದ ಕವರ್ ಅಂತ ಮುಖಪುಟದಲ್ಲಿ ಬರೆಯಬೇಕು. ಮೂಲ ಗಾಯಕರ ಹೆಸರನ್ನಾಗಲಿ, ಚಿತ್ರವನ್ನಾಗಲಿ, ಹಾಡು ಬಂದ ಸಿನಿಮಾವನ್ನಾಗಲಿ ಅಲ್ಲಿ ತೋರಿಸುವಂತಿಲ್ಲ. ಮಾಧ್ಯಮ (ಕ್ಯಾಸೆಟ್, ಸಿಡಿಯಂಥದ್ದು) ಹಿಂದಿನ ಮುದ್ರಣದ್ದೇ ಆಗಿರಬೇಕು, ಅದು ಬಳಕೆ ತಪ್ಪಿದ್ದರೆ ಮಾತ್ರ ವಿನಾಯಿತಿ. ಇಷ್ಟೆಲ್ಲ ಆದ ಮೇಲೆ, ಪ್ರತಿ ಹಾಡಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಎಂಟು ಹಾಡಿನ ಸಣ್ಣ ತಂಡಕ್ಕೆ ಇದು ಹೊರೆಯೇ. ಮೇಲಾಗಿ ಈ ಕಲಂ ಆಡಿಯೊಗೆ ಮಾತ್ರ. ದೃಶ್ಯದ ಜೊತೆ ಹಾಡು ಬಳಸಲು ಬೇರೆ ಅನುಮತಿ ಬೇಕೇ ಬೇಕು. ಆದ್ದರಿಂದ ಹಕ್ಕು ಹೊಂದಿರುವ ಆಡಿಯೊ ಕಂಪನಿಗೆ ನೇರವಾಗಿ ಬರೆದು ಪರವಾನಗಿ ಪಡೆಯುವುದೇ ವಾಸಿ. ಸಾಹಿತಿ, ಸಂಯೋಜಕರ ಹೆಸರು ಖಚಿತವಾಗದಿದ್ದರೆ ಅವರ ಹಕ್ಕು, ರಾಯಲ್ಟಿ ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ವಿಚಾರಿಸಿ.

ಪರವಾನಗಿ ಪತ್ರದಲ್ಲಿ ಎರಡು ಸಾಲು ಬಿಟ್ಟುಹೋದರೆ ಕೈ ಸುಡುತ್ತದೆ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ. ಸ್ಟ್ರೀಮಿಂಗ್‌ಗೆ ಹಾಕಿದ ಹಾಡು ಅವತ್ತೇ ದುಬೈನಲ್ಲೂ ಕೇಳುತ್ತದೆ. ಹಾಗಾಗಿ 'ವಿಶ್ವದಾದ್ಯಂತ' ಅನ್ನುವ ಪದ ಇರಲಿ. 'ಸರಣಿಯ ಕಂತು', 'ಆಡಿಯೊ ಆಲ್ಬಮ್', 'ಪ್ರಚಾರದ ತುಣುಕು' ಮೂರನ್ನೂ ಬೇರೆಬೇರೆಯಾಗಿ ಬರೆಸಿ. ಗಾಯಕರು, ವಾದ್ಯದವರ ಜೊತೆಗೂ ಸಹಿ ಮಾಡಿದ ಕಾಗದ ಇರಲಿ. ಪರಿಚಯದ ಹುಡುಗ ಅಂತ ಬಾಯಿಮಾತಲ್ಲಿ ಬಿಡಬೇಡಿ.

ಚಪ್ಪಾಳೆಗಾಗಿ ಸಾಹಿತ್ಯದಲ್ಲಿ ನಮ್ಮೂರ ಹೆಸರು ತುರುಕುವ ಆಸೆ ಬರುತ್ತದೆ. ಒಪ್ಪಿಗೆಯಿಲ್ಲದೆ ಒಂದು ಪದವನ್ನೂ ಮುಟ್ಟಬೇಡಿ. ಇನ್ನೊಬ್ಬರ ಕವರ್‌ನ ವಾದ್ಯ ಜೋಡಣೆಯನ್ನು ಎತ್ತಿಕೊಳ್ಳುವುದೂ ಬೇಡ. 2013ರಲ್ಲಿ ಜೊನಾಥನ್ ಕೋಲ್ಟನ್ ಎಂಬ ಗಾಯಕ, ತಾನು ಒಂದು ಹಾಡಿಗೆ ಕಟ್ಟಿದ ಹೊಸ ಧಾಟಿಯನ್ನು 'ಗ್ಲೀ' ತನ್ನ ಹೆಸರಿಲ್ಲದೆ ಬಳಸಿದೆ ಎಂದು ದೂರಿದಾಗ ದೊಡ್ಡ ಗದ್ದಲವೇ ಆಯಿತು. ಹೆಸರು ಹಾಕುವುದಕ್ಕೆ ಖರ್ಚಿಲ್ಲ.

ಶ್ರುತಿ, ಹಾರ್ಮೋನಿಯಂ, ತಮಟೆ

ಮೂಲದ ಶ್ರುತಿಗೇ ಅಂಟಿಕೊಳ್ಳಬೇಡಿ. ಹಾಡಿನ ಅತಿ ಮೇಲಿನ ಸ್ವರವನ್ನು ಗಾಯಕಿ ಮೂರನೇ ಸಲವೂ ಸಲೀಸಾಗಿ ಮುಟ್ಟುವ ಮನೆ (ಹಾರ್ಮೋನಿಯಂ ಕೀಲಿ) ಯಾವುದೋ ಅದೇ ಶ್ರುತಿ. ಮೊದಲ ಸಲ ಎಲ್ಲರೂ ಮುಟ್ಟುತ್ತಾರೆ. ಗಂಡು ಧ್ವನಿಯ ಒಂದೂವರೆ ಮನೆ, ಅಂದರೆ ಸಿ ಶಾರ್ಪ್‌ನ ಹಾಡು ಹೆಣ್ಣು ಧ್ವನಿಗೆ ಐದು ಮನೆಯ ಆಸುಪಾಸಿಗೆ ಹೋಗಿ ನಿಲ್ಲುವುದುಂಟು. ಮುದ್ರಿಸಿದ ಮೇಲೆ ಸಾಫ್ಟ್‌ವೇರಿನಲ್ಲಿ ಶ್ರುತಿ ಏರಿಸಿದರೆ ದನಿ ಬೊಂಬೆಯ ದನಿಯಾಗುತ್ತದೆ.

ನಾಟಕದ ಹಳೆಯ ಹಾರ್ಮೋನಿಯಂ ತಂದಿದ್ದರೆ ಮೊದಲು ಮೊಬೈಲ್ ಟ್ಯೂನರ್‌ನಲ್ಲಿ ಅಳೆಯಿರಿ. ಎ ಸ್ವರ 440 ಹರ್ಟ್ಜ್ ಇರುವ ಬದಲು 446 ಇದ್ದರೆ, ಕೀಬೋರ್ಡ್ ಜೊತೆ ಕೂಡಿಸಿದಾಗ ಸೆಮಿಟೋನಿನ (ಅಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರದ) ಸುಮಾರು ಕಾಲು ಭಾಗದಷ್ಟು ವ್ಯತ್ಯಾಸ ಕಿವಿಗೆ ಚುಚ್ಚುತ್ತದೆ. ಹಾರ್ಮೋನಿಯಂ ರೀಡ್ ಕೆರೆಯಲು ಹೋಗಬೇಡಿ. ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗನ್ನೇ 446ಕ್ಕೆ ಇಡಿ, ಕೊಳಲಿನವರಿಗೂ ಮೊದಲೇ ತಿಳಿಸಿ. ಮೈಕ್ ಒಂದೂವರೆ ಅಡಿ ದೂರ, ತಿದಿಯ ಕಡೆಗಲ್ಲ, ರೀಡ್‌ಗಳ ಮೇಲ್ಭಾಗಕ್ಕೆ. ತಿದಿ ಕಿರುಗುಟ್ಟಿದರೆ ಅದನ್ನು ತೆಗೆಯಲು ಯಾವ ಪ್ಲಗಿನ್ನೂ ಸಾಲದು.

ತಮಟೆಗೆ ಹೆಚ್ಚು ಹೊತ್ತು ಕೊಡಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದ ಸೀಮೆಯಲ್ಲಿ ಕೂತು ಕೀಬೋರ್ಡಿನ ಸ್ಯಾಂಪಲ್ ತಮಟೆ ಹಾಕುವುದು ನಾಚಿಕೆಗೇಡು. ಚರ್ಮ ಕಾಯಿಸಿದ ಕೂಡಲೇ ದನಿ ಗರಿಗರಿಯಾಗಿ ಮೇಲೇಳುತ್ತದೆ, ತಣ್ಣಗಾಗುತ್ತ ಇಳಿಯುತ್ತದೆ. ಪಲ್ಲವಿಯ ತಮಟೆ ಒಂದು ದನಿ, ಕೊನೆಯ ಚರಣದ್ದು ಇನ್ನೊಂದು ಅನ್ನಿಸುವುದು ಇದರಿಂದಲೇ. ಪ್ರತಿ ಟೇಕ್‌ಗೂ ಮುಂಚೆ ಕಾಯಿಸಿ, ಹಾಡನ್ನು ತುಂಡು ಮಾಡದೆ ಒಂದೇ ಉಸಿರಿಗೆ ಬಾರಿಸಲಿ. ಬೆಂಕಿ ಹಾಕುವ ಜಾಗ ಹೊರಗಿರಲಿ, ಆದರೆ ಕೋಣೆಗೆ ಹತ್ತಿರ. ಮೈಕ್ ನಾಲ್ಕರಿಂದ ಐದು ಅಡಿ ದೂರ, ಚರ್ಮಕ್ಕೆ ಸ್ವಲ್ಪ ಓರೆಯಾಗಿ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವಂತೆ ಗೇನ್ (ಮೈಕಿನ ದನಿ ಎತ್ತುವ ಮಟ್ಟ) ಇಡಿ. ಹುಮ್ಮಸ್ಸು ಬಂದಾಗ ಪೆಟ್ಟು ಇನ್ನೂ ಏರುತ್ತದೆ, ಒಡೆದ ದನಿಯನ್ನು ಆಮೇಲೆ ಕೂಡಿಸಲಾಗದು. ಗಾಯನದ ದಿನ ತಮಟೆ ಬೇಡ. ಒಂದೇ ಕೋಣೆಯಲ್ಲಿ ಎರಡೂ ಮುದ್ರಿಸಿದರೆ ಗಾಯಕರ ಮೈಕಿನ ತುಂಬ ತಮಟೆಯೇ.

ಕೋಣೆಯ ವಿಷಯ ಚುಟುಕಾಗಿ. ಶೀಟ್ ಮನೆ ಬೇಡ, ಮೋಲ್ಡ್ ಮನೆಯ ಒಳಕೋಣೆ ಆರಿಸಿ. ಗೋಡೆಯಿಂದ ಗೇಣು ದೂರಕ್ಕೆ ಕಂಬಳಿ, ಕೌದಿ ಇಳಿಬಿಡಿ. ಫ್ಯಾನ್, ಫ್ರಿಜ್, ಬೋರ್ ಮೋಟಾರ್ ಬಂದ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಅಗ್ಗದ ಇನ್ವರ್ಟರ್ ಮೇಲೆ ಹಾಕಿದರೆ ಝುಂ ಅನ್ನುವ ಸದ್ದು ಮೈಕಿಗೆ ಸೇರುತ್ತದೆ. ಊರಲ್ಲಿ ಜಾತ್ರೆ, ಮದುವೆ ಯಾವತ್ತು ಅಂತ ಮೊದಲೇ ಕೇಳಿಕೊಳ್ಳಿ, ಮೈಕ್‌ಸೆಟ್ ಎದುರು ಯಾವ ಕಂಬಳಿಯೂ ನಿಲ್ಲುವುದಿಲ್ಲ.

ಚಿತ್ರೀಕರಣಕ್ಕೆ ಹೋಗುವ ಫೈಲ್

ಪೂರ್ತಿ ಹಾಡು ಮಿಕ್ಸ್ ಆದ ಮೇಲೆ ಅದರಿಂದಲೇ ಕಂತಿನ ಚಿಕ್ಕ ರೂಪ ಕತ್ತರಿಸಿ. ಶುರುವಿನಲ್ಲಿ ತಾಳಕ್ಕೆ ಸರಿಯಾಗಿ ನಾಲ್ಕು ಬೀಪ್ ಇರಲಿ. ದೇವರಾಯನದುರ್ಗದ ಗಾಳಿಯಲ್ಲಿ ಸ್ಪೀಕರ್ ಹಾಕಿ ಹಾಡಿಸುವಾಗ ಪಾತ್ರಧಾರಿ ತುಟಿ ತೆರೆಯುವ ಸಮಯ ಅದರಿಂದ ತಿಳಿಯುತ್ತದೆ. ಮೊಬೈಲ್‌ನಿಂದ ಬ್ಲೂಟೂತ್ ಸ್ಪೀಕರಿಗೆ ಕಳಿಸಿದರೆ ದನಿ ತಡವಾಗಿ ಬರುತ್ತದೆ, ವೈರ್ ಹಾಕಿ.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದು ದಾಖಲಿಸುತ್ತೇವೆ ಅನ್ನುವ ಲೆಕ್ಕ, ವಿಡಿಯೊಗೆ 48 ಕಿಲೋಹರ್ಟ್ಜ್, ಆಲ್ಬಮ್‌ಗೆ 44.1 ಇಡುವುದು ವಾಡಿಕೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಬೇಕೇ ಹೊರತು ಪ್ರಾಜೆಕ್ಟಿನ ಸೆಟ್ಟಿಂಗ್ ಮಾತ್ರ ಬದಲಿಸಬಾರದು. 44.1ರ ಫೈಲ್ 48 ಅಂತ ಓದಿಸಿಕೊಂಡರೆ 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಒಂದೂವರೆ ಸೆಮಿಟೋನ್ ಏರುತ್ತದೆ. ಎಡಿಟಿಂಗ್ ಮೇಜಿನಲ್ಲಿ "ಹಾಡು ಯಾಕೋ ಚುರುಕಾಗಿದೆ" ಅಂತ ಯಾರಾದರೂ ಮೆಚ್ಚಿದರೆ ಅನುಮಾನಪಡಿ.

ಆಲ್ಬಮ್ ಬಿಡುವುದು

ಮಾಸ್ಟರ್ (ಅಂತಿಮ ಫೈಲ್) ಮಟ್ಟ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ, ಟ್ರೂ ಪೀಕ್ (ದನಿಯ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬಲ್. ಅದಕ್ಕಿಂತ ಜೋರು ಮಾಡಿದರೆ ಸ್ಪಾಟಿಫೈ ತಾನೇ ಇಳಿಸುತ್ತದೆ, ತಮಟೆಯ ಪೆಟ್ಟು ಮಾತ್ರ ಚಪ್ಪಟೆಯಾಗಿ ಉಳಿಯುತ್ತದೆ. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಹಂಚಿಕೆದಾರರಿಗೆ 24 ಬಿಟ್ ವೇವ್ ಫೈಲ್, 3000ಕ್ಕೆ 3000 ಪಿಕ್ಸೆಲ್ ಮುಖಪುಟ ಕೊಡಿ, ಬಿಡುಗಡೆಗೆ ನಾಲ್ಕು ವಾರ ಮೊದಲೇ. ಅರ್ಜಿಯಲ್ಲಿ 'ಕವರ್' ಅಂತ ಗುರುತು ಹಾಕಲು ಮರೆಯಬೇಡಿ. ಕಲಾವಿದರ ಜಾಗದಲ್ಲಿ ನಿಮ್ಮ ಗಾಯಕರು, ಸಾಹಿತಿ ಮತ್ತು ಸಂಯೋಜಕರ ಜಾಗದಲ್ಲಿ ಮೂಲದವರು. ಒಂದೇ ಗಾಯಕಿಯ ಹೆಸರು ಒಂದು ಹಾಡಿನಲ್ಲಿ ಇನಿಷಿಯಲ್ ಸಹಿತ, ಇನ್ನೊಂದರಲ್ಲಿ ರಹಿತ ಬರೆದರೆ ಎರಡು ಪ್ರೊಫೈಲ್ ಹುಟ್ಟುತ್ತವೆ, ಸೇರಿಸುವಷ್ಟರಲ್ಲಿ ಸಾಕಾಗುತ್ತದೆ.

ಪ್ರತಿ ಮುದ್ರಣಕ್ಕೂ 12 ಅಕ್ಷರದ ಒಂದು ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ಮುದ್ರಣದ ಗುರುತಿನ ಸಂಖ್ಯೆ. ಕಂತಿನ ಚಿಕ್ಕ ರೂಪ, ಪೂರ್ತಿ ರೂಪ, ತಮಟೆಯಿಲ್ಲದ ರೂಪ, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ. ಒಂದೇ ಹಾಕಿದರೆ ಹಣದ ಲೆಕ್ಕ ಕಲಸಿಹೋಗುತ್ತದೆ. ಯೂಟ್ಯೂಬ್‌ನಲ್ಲಿ ಹಕ್ಕಿರುವ ಹಾಡು ಪತ್ತೆಹಚ್ಚುವ ವ್ಯವಸ್ಥೆಯಾದ ಕಂಟೆಂಟ್ ಐಡಿ ರಾಗವನ್ನೇ ಗುರುತಿಸಿ ಹಕ್ಕುದಾರರ ಪರ ಕ್ಲೇಮ್ ಹಾಕಬಹುದು. ಪರವಾನಗಿ ಇದ್ದರೆ ಗಾಬರಿ ಬೇಡ, ಪತ್ರದ ವಿವರ ಕೊಟ್ಟು ಆಕ್ಷೇಪಿಸಿ.

ಕೋಲಾರ, ಚಿಂತಾಮಣಿಯ ಕಡೆ ಟ್ರ್ಯಾಕ್ಟರಿಗೂ ಟೆಂಪೊಗೂ ಪೆನ್‌ಡ್ರೈವ್ ಕೊಡುವುದಿದ್ದರೆ ಪ್ರತಿಗಳ ಮಾರಾಟಕ್ಕೂ ಪರವಾನಗಿಯಲ್ಲಿ ಜಾಗ ಇರಬೇಕು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಇರಲಿ, ಹಾಡು 320 ಕೆಬಿಪಿಎಸ್ ಎಂಪಿ3. ಹಳೆಯ ಪ್ಲೇಯರ್‌ಗಳು ಕನ್ನಡ ಅಕ್ಷರ ತೋರಿಸುವುದಿಲ್ಲ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಎಷ್ಟೋ ಪ್ಲೇಯರ್‌ಗಳು ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. 01, 02 ಅಂತ ಸಂಖ್ಯೆ ಕೊಟ್ಟು, ಒಂದೊಂದಾಗಿ ಅದೇ ಕ್ರಮದಲ್ಲಿ ಕಾಪಿ ಮಾಡಿ.