ಲೇಹ್‌ಗೆ ಮನೆ ಸಾಗಿಸುವಿರಾ? ಮೊದಲು ಸಾಮಾನಿನೊಳಗಿನ ನೀರು ಚೆಲ್ಲಿ

ಅಕ್ಟೋಬರ್ ಕೊನೆಯ ವಾರ. ಲಡಾಖ್‌ನ ಲೇಹ್‌ನಲ್ಲಿ ನಮ್ಮ ಬಾಡಿಗೆ ಮನೆಯ ಎದುರು ಲಾರಿಯೊಂದು ಬಂದು ನಿಂತಿತು. ಹಾಸನದಿಂದ ವರ್ಗವಾಗಿ ಬಂದ ಕುಟುಂಬದ ಸಾಮಾನು. ವಾಷಿಂಗ್ ಮೆಷಿನ್ನನ್ನು ಇಳಿಸಿ, ಬುಖಾರಿ ಒಲೆ ಉರಿಯುತ್ತಿದ್ದ ಕೋಣೆಯಲ್ಲಿ ಇಟ್ಟೆವು. ಅರ್ಧ ಗಂಟೆಯಲ್ಲಿ ಅದರ ಅಡಿಯಿಂದ ನೀರು ಹರಿದು ಜಮಖಾನ ತೊಯ್ದಿತು. ಮನೆಯಾಕೆಗೆ ಗಾಬರಿ: ಇನ್ನೂ ನಲ್ಲಿಗೇ ಜೋಡಿಸಿಲ್ಲ, ನೀರು ಎಲ್ಲಿಂದ ಬಂತು? ಹಾಸನದಲ್ಲಿ ಕೊನೆಯ ಸಲ ಬಟ್ಟೆ ಒಗೆದಾಗ ಒಳಗೆ ಉಳಿದ ನೀರು ಅದು. ಕಣಿವೆಯ ರಾತ್ರಿಯಲ್ಲಿ ಹೆಪ್ಪುಗಟ್ಟಿ ಪಂಪನ್ನು ಸೀಳಿತ್ತು.

ನಾನು ಅಲ್ಲಿ ಮೂರು ಚಳಿಗಾಲ ಕಳೆದೆ. ನನ್ನ ನಂತರ ಬಂದ ನಾಲ್ಕು ಕನ್ನಡ ಕುಟುಂಬಗಳ ಲಾರಿ ಇಳಿಸಲು ಕೈಜೋಡಿಸಿದ್ದೇನೆ. ಎಲ್ಲರೂ ಹೆದರಿದ್ದು ಮೂರು ಸಾವಿರ ಕಿಲೋಮೀಟರ್ ದೂರಕ್ಕೆ. ಆದರೆ ಸಾಮಾನು ಹಾಳಾದದ್ದು ಎತ್ತರಕ್ಕೆ ಮತ್ತು ಚಳಿಗೆ. ದೂರವನ್ನು ಲಾರಿಯವನು ನೋಡಿಕೊಳ್ಳುತ್ತಾನೆ. ಉಳಿದೆರಡನ್ನು ನೀವೇ ನೋಡಿಕೊಳ್ಳಬೇಕು.

1. ತಾರೀಖು ಮೊದಲು, ಲಾರಿ ಆಮೇಲೆ

ಲೇಹ್‌ಗೆ ರಸ್ತೆಗಳು ಮುಖ್ಯವಾಗಿ ಎರಡು. ಮನಾಲಿಯಿಂದ ಬರುವುದು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. 2020ರಲ್ಲಿ ತೆರೆದ ಅಟಲ್ ಸುರಂಗ ರೋಹ್ತಾಂಗ್ ಕಣಿವೆಯ ತೊಂದರೆಯನ್ನು ತಪ್ಪಿಸಿತೇ ಹೊರತು ಅದರಾಚೆಗಿನ ಬಾರಾಲಾಚಾ ಲಾ, ತಂಗ್‌ಲಾಂಗ್ ಲಾ ಕಣಿವೆಗಳು ಇದ್ದಲ್ಲೇ ಇವೆ (ಲಾ ಎಂದರೆ ಬೆಟ್ಟ ದಾಟುವ ಎತ್ತರದ ಕಣಿವೆ). ಶ್ರೀನಗರದಿಂದ ಬರುವ ರಸ್ತೆಗೆ ಜೋಜಿ ಲಾ ಅಡ್ಡ. ಗಡಿ ರಸ್ತೆ ಸಂಸ್ಥೆಯವರು ಈಚಿನ ವರ್ಷಗಳಲ್ಲಿ ಅದು ಮುಚ್ಚಿರುವ ಅವಧಿಯನ್ನು ಬಹಳ ತಗ್ಗಿಸಿದ್ದಾರೆ. ಆದರೂ ಡಿಸೆಂಬರ್‌ನಲ್ಲಿ ಮನೆ ಸಾಮಾನು ಕಳಿಸುವವರಿಗೆ ನನ್ನ ಬಳಿ ಸಲಹೆಯಿಲ್ಲ, ಅನುಕಂಪವಿದೆ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಕಡೆ ಗುಡ್ಡ ಕುಸಿಯುತ್ತದೆ. ಆಗಸ್ಟ್ ಕೊನೆಗೆ ಬೆಂಗಳೂರು ಬಿಟ್ಟು ಸೆಪ್ಟೆಂಬರ್‌ನಲ್ಲಿ ತಲುಪುವಂತೆ ಲೆಕ್ಕ ಹಾಕಿ. ನನ್ನ ಸಾಮಾನು 23 ದಿನ ತೆಗೆದುಕೊಂಡಿತು. ಅದರಲ್ಲಿ ಒಂಬತ್ತು ದಿನ ಜಮ್ಮುವಿನ ಗೋದಾಮಿನಲ್ಲೇ ಬಿದ್ದಿತ್ತು.

2. ಬಿಟ್ಟುಹೋಗುವುದು

ಮರದ ಸಾಮಾನು ಬೇಡ. ತೇಗವಿರಲಿ, ಬೀಟೆಯಿರಲಿ, ಪ್ಲೈವುಡ್ ಇರಲಿ. ಲಡಾಖ್ ಶೀತ ಮರುಭೂಮಿ, ಗಾಳಿಯಲ್ಲಿ ತೇವವೆಂಬುದೇ ಇಲ್ಲ. ನಮ್ಮ ಮಳೆಗಾಲದ ಮನೆಗಳಲ್ಲಿ ಬೆಳೆದ ಮರ ಅಲ್ಲಿ ಒಣಗಿ ಬಿರಿಯುತ್ತದೆ. ಸಹೋದ್ಯೋಗಿಯೊಬ್ಬರ ಪತ್ನಿ ಅಷ್ಟು ಜೋಪಾನವಾಗಿ ತಂದ ವೀಣೆಯ ಕೊಡ ಮೊದಲ ಚಳಿಗಾಲದಲ್ಲೇ ಉದ್ದಕ್ಕೆ ಸೀಳಿತು.

ಇನ್ವರ್ಟರ್ ಬ್ಯಾಟರಿ, ನೀರಿನ ಶುದ್ಧೀಕರಣ ಯಂತ್ರ, ಏರ್ ಕೂಲರ್, ಸ್ಕೂಟರ್: ಇಷ್ಟನ್ನೂ ಊರಿನಲ್ಲೇ ಮಾರಿ. ಗ್ಯಾಸ್ ಸಿಲಿಂಡರನ್ನು ಏಜೆನ್ಸಿಗೆ ಒಪ್ಪಿಸಿ ಚೀಟಿ ಪಡೆಯಿರಿ. ಬಿಟ್ಟುಹೋಗಬಾರದ್ದು ಪ್ರೆಶರ್ ಕುಕ್ಕರ್. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ನಿಮ್ಮ ಹಸಿವೇ ಸತ್ತಿರುತ್ತದೆ. ಎರಡು ಹೆಚ್ಚುವರಿ ಗ್ಯಾಸ್ಕೆಟ್ ಇಟ್ಟುಕೊಳ್ಳಿ.

3. ನೀರು ಚೆಲ್ಲುವುದು

ಎಲ್ಲರೂ ಎಡವುವುದು ಇಲ್ಲೇ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ. ಮುಚ್ಚಿದ ಜಾಗದಲ್ಲಿ ಹಿಗ್ಗಿದರೆ ಪ್ಲಾಸ್ಟಿಕ್ಕೇನು, ಬೀಡು ಕಬ್ಬಿಣವೂ ಬಿರಿಯುತ್ತದೆ. ಆದ್ದರಿಂದ ಸಾಮಾನು ಕಟ್ಟುವ ಎರಡು ದಿನ ಮೊದಲು ಮನೆಯಲ್ಲಿ ಒಂದು ಸುತ್ತು ಹಾಕಿ, ಯಾವುದರೊಳಗೆ ನೀರು ನಿಲ್ಲಬಹುದು ಎಂದು ಪಟ್ಟಿ ಮಾಡಿ.

ವಾಷಿಂಗ್ ಮೆಷಿನ್: ಮುಂಬಾಗಿಲಿನದಾದರೆ ಕೆಳಗೆ ಮೂಲೆಯಲ್ಲಿ ಪುಟ್ಟ ಮುಚ್ಚಳವಿರುತ್ತದೆ. ಅಡಿಗೆ ತಟ್ಟೆ ಕೊಟ್ಟು, ಒಳಗಿನ ಫಿಲ್ಟರನ್ನು ನಿಧಾನ ತಿರುಗಿಸಿ. ಒಂದೆರಡು ಲೀಟರ್ ಕೊಳಕು ನೀರು, ಜೊತೆಗೆ ಕಳೆದುಹೋಗಿದ್ದ ನಾಣ್ಯಗಳು ಹೊರಬರುತ್ತವೆ. ಎರಡೂ ಕೊಳವೆಗಳನ್ನು ಬಿಚ್ಚಿ ತಲೆಕೆಳಗೆ ನೇತುಹಾಕಿ. ಮೆಷಿನ್ ಕೊಂಡಾಗ ಹಿಂಬದಿಯಲ್ಲಿದ್ದ ಸಾಗಣೆ ಬೋಲ್ಟ್‌ಗಳನ್ನು ಮತ್ತೆ ಹಾಕದಿದ್ದರೆ ದಾರಿಯುದ್ದಕ್ಕೂ ಡ್ರಮ್ ಬಡಿದುಕೊಂಡು ಬೇರಿಂಗ್ ಹೋಗುತ್ತದೆ. ಆ ಬೋಲ್ಟ್ ಯಾರ ಮನೆಯಲ್ಲೂ ಸಿಗುವುದಿಲ್ಲ. ಸೇವಾ ಕೇಂದ್ರದಲ್ಲಿ ಕೇಳಿ ತರಿಸಿ. ಬೋಲ್ಟ್ ಬದಲು ಡ್ರಮ್ಮಿಗೆ ದಿಂಬು ತುರುಕುವ ಉಪಾಯವನ್ನು ಪ್ಯಾಕರ್‌ಗಳು ಹೇಳುತ್ತಾರೆ, ಕೇಳಬೇಡಿ.

ಗೀಸರ್ ಒಯ್ಯುವುದಾದರೆ ಅಡಿಯ ತಿರುಪು ಬಿಚ್ಚಿ ಒಂದು ದಿನ ಒಣಗಲು ಬಿಡಿ. ಫ್ರಿಜ್ಜನ್ನು ಹಿಂದಿನ ದಿನವೇ ನಿಲ್ಲಿಸಿ, ಹಿಂಬದಿಯ ತಟ್ಟೆಯ ನೀರು ಚೆಲ್ಲಿ. ಇಸ್ತ್ರಿ ಪೆಟ್ಟಿಗೆಯ ಪುಟ್ಟ ತೊಟ್ಟಿಯನ್ನು ನಾನೇ ಮರೆತಿದ್ದೆ.

ಮುಚ್ಚಿದ ಡಬ್ಬಿಗಳದ್ದು ಇನ್ನೊಂದು ಕಥೆ. ಬೆಂಗಳೂರಿನಲ್ಲಿ ಬಿಗಿದ ಗಾಳಿ ಲೇಹ್‌ನ ತೆಳು ಗಾಳಿಯಲ್ಲಿ ಉಬ್ಬುತ್ತದೆ. ಸಾಂಬಾರ್ ಪುಡಿಯ ಪೊಟ್ಟಣ ಕಣಿವೆಯಲ್ಲಿ ಒಡೆದು ಹಾಸಿಗೆಯೆಲ್ಲ ಕೊತ್ತಂಬರಿ ವಾಸನೆ ಹೊಡೆದದ್ದನ್ನು ಕಂಡಿದ್ದೇನೆ. ಪುಡಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ. ಶ್ಯಾಂಪೂ, ಫಿನಾಯಿಲ್ ಅಲ್ಲೇ ಕೊಳ್ಳಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಲಾರಿಗೆ ಹಾಕದೆ ಕೈಚೀಲದಲ್ಲಿ ಒಯ್ಯಿರಿ.

4. ಕಾರಿನ ಕೂಲಂಟ್

ನಮ್ಮಲ್ಲಿ ರೇಡಿಯೇಟರ್‌ಗೆ ನಲ್ಲಿ ನೀರು ಸುರಿದರೂ ಗಾಡಿ ವರ್ಷಗಟ್ಟಲೆ ಓಡುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಪ್ರೀತಿಯಿಂದ ಸುರಿಯುವ ಆ ಒಂದು ಚೊಂಬು ನೀರು ಲೇಹ್‌ನ ಮೈನಸ್ 20 ಡಿಗ್ರಿಯ ರಾತ್ರಿಯಲ್ಲಿ ಎಂಜಿನ್ನನ್ನೇ ಬಿರಿಯಿಸಬಲ್ಲದು.

ಕೂಲಂಟ್‌ನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದಲ್ಲಿ, ಹೆಪ್ಪುಗಟ್ಟದಂತೆ ತಡೆಯುವ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರು ಸಮಸಮವಾಗಿದ್ದರೆ ಮೈನಸ್ 35 ಡಿಗ್ರಿಯವರೆಗೂ ಚಿಂತೆಯಿಲ್ಲ. ತೊಡಕಿರುವುದು ಅಳತೆಯಲ್ಲಿ. ಮೆಕ್ಯಾನಿಕ್ ರೇಡಿಯೇಟರ್ ಅಡಿಯ ತಿರುಪು ಬಿಚ್ಚಿ ಹಳೆಯದನ್ನು ಹರಿಸಿ, ಸಿದ್ಧ ಮಿಶ್ರಣ ತುಂಬಿ, "ಆಯಿತು ಸಾರ್" ಎನ್ನುತ್ತಾನೆ. ಆಗಿರುವುದಿಲ್ಲ. ಎಂಜಿನ್ ಒಳಗೆ, ಹೀಟರ್ ಸುರುಳಿಯಲ್ಲಿ ಹಳೆಯ ನೀರು ಸಾಕಷ್ಟು ಉಳಿದಿರುತ್ತದೆ. ಅದು ಬೆರೆತು ನಿಮ್ಮ ಮಿಶ್ರಣ ತೆಳುವಾಗುತ್ತದೆ. ಸರಿಯಾದ ಕ್ರಮ ಹೀಗೆ: ಎಂಜಿನ್ ಪೂರ್ತಿ ತಣ್ಣಗಿರುವಾಗ ಹರಿಸಿ. ಶುದ್ಧೀಕರಿಸಿದ ನೀರು ತುಂಬಿ, ಹೀಟರನ್ನು ಗರಿಷ್ಠಕ್ಕಿಟ್ಟು ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ. ತಣಿದ ಮೇಲೆ ಮತ್ತೆ ಹರಿಸಿ. ಹೊರಬರುವ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಆಮೇಲೆ ಕೈಪಿಡಿ ತೆರೆದು ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ ನೋಡಿ. ಆರು ಲೀಟರ್ ಎಂದಿದ್ದರೆ ಮೊದಲು ಮೂರು ಲೀಟರ್ ನೀರು ಬೆರೆಸದ ಅಪ್ಪಟ ಕೂಲಂಟ್ ಹೊಯ್ಯಿರಿ, ಖಾಲಿ ಉಳಿದಷ್ಟಕ್ಕೆ ಮಾತ್ರ ನೀರು ಸೇರಿಸಿ. ಸಿದ್ಧ ಮಿಶ್ರಣ ಈ ಕೆಲಸಕ್ಕೆ ಬರುವುದಿಲ್ಲ.

ಅಂಗಡಿಗಳಲ್ಲಿ ಕೂಲಂಟ್ ಎಂದು ಮಾರುವ ಅಗ್ಗದ ಹಸಿರು ದ್ರವಗಳಲ್ಲಿ ಕೆಲವು ಬರೀ ಬಣ್ಣದ ನೀರು. ಬಣ್ಣ ನೋಡಿ ನಂಬಬೇಡಿ. ನನ್ನ ಪರೀಕ್ಷೆ ಸರಳ: ಗಾಡಿಯಿಂದ ಎರಡು ಚಮಚದಷ್ಟು ತೆಗೆದು, ಬಿಸಾಡಬಹುದಾದ ಲೋಟದಲ್ಲಿ ಹಾಕಿ, ಮುಚ್ಚಿ, ಖಾಲಿ ಮಾಡಿದ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಗಟ್ಟಿಯಾಗಿದ್ದರೆ ಮತ್ತೆ ಮೊದಲಿನಿಂದ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಗಾಜು ತೊಳೆಯುವ ವೈಪರ್ ತೊಟ್ಟಿಯನ್ನೂ ಬರಿದು ಮಾಡಿ. ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಹೊಸದು ಹಾಕಿಸಿ, ವಾದ ಬೇಡ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಸಾಮಾನ್ಯ ಡೀಸೆಲ್ ಅಲ್ಲಿನ ಚಳಿಗೆ ಮೇಣದಂತಾಗುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ತಂದಿತು. ಬಯಲುಸೀಮೆಯ ಡೀಸೆಲನ್ನು ಚಳಿಗಾಲದವರೆಗೆ ಟ್ಯಾಂಕಿನಲ್ಲಿ ಉಳಿಸಿಕೊಳ್ಳಬೇಡಿ.

5. ಪೆಟ್ಟಿಗೆ ಕಟ್ಟುವುದು

ಬೆಂಗಳೂರಿನಲ್ಲಿ ತುಂಬಿದ ಲಾರಿಯೇ ಲೇಹ್‌ಗೆ ಬರುವುದಿಲ್ಲ. ಜಮ್ಮುವಿನಲ್ಲೋ ಚಂಡೀಗಢದಲ್ಲೋ ಎಲ್ಲವನ್ನೂ ಇಳಿಸಿ ಬೇರೆ ಲಾರಿಗೆ ಏರಿಸುತ್ತಾರೆ. ಆದ್ದರಿಂದ ಎರಡು ಬಾರಿ ಎಸೆಯುತ್ತಾರೆಂದೇ ತಿಳಿದು ಕಟ್ಟಿ. 20 ಕಿಲೋ ಮೀರಿದ ಪೆಟ್ಟಿಗೆಯನ್ನು ಹಮಾಲರು ಉರುಳಿಸುತ್ತಾರೆ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ಬಟ್ಟೆಗೆ ದೊಡ್ಡದು. "ಗಾಜು, ಜೋಪಾನ" ಎಂದು ಕನ್ನಡದಲ್ಲಿ ಬರೆದರೆ ಜಮ್ಮುವಿನ ಹಮಾಲನಿಗೆ ಅದು ರಂಗೋಲಿ. ಹಿಂದಿಯಲ್ಲಿ ಬರೆಯಿರಿ, ಒಂದು ಲೋಟದ ಚಿತ್ರವನ್ನೂ ಬಿಡಿಸಿ. ಪ್ರತಿ ಪೆಟ್ಟಿಗೆಗೆ ಸಂಖ್ಯೆ, ಪಟ್ಟಿಯ ಒಂದು ಪ್ರತಿ ನಿಮ್ಮ ಜೇಬಿನಲ್ಲಿ.

6. ಕಾಗದಗಳು

ಸಾಮಾನು ಪಡೆದುದಕ್ಕೆ ಸಾಗಣೆಯವರು ಕೊಡುವ ಎಲ್‌ಆರ್ ರಸೀದಿ ಕೈಗೆ ಬರದೆ ಲಾರಿ ಕದಲಬಾರದು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಬೇಕಿಲ್ಲ. ಅದರ ಹೆಸರಿನಲ್ಲಿ ಸಾವಿರಾರು ರೂಪಾಯಿ ಕೇಳಿದರೆ ಬೇರೆಯವರನ್ನು ನೋಡಿ. ಹೆಸರಾಂತ ಕಂಪನಿಯ ಹೆಸರಿಗೆ ಒಂದಕ್ಷರ ಕೂಡಿಸಿಕೊಂಡು ವ್ಯಾಪಾರ ಮಾಡುವವರು ಬಹಳ. ಅರ್ಧ ದಾರಿಯಲ್ಲಿ ಲಾರಿ ನಿಲ್ಲಿಸಿ ಹೆಚ್ಚು ಹಣ ಕೇಳುವುದು ಅವರ ಕಸುಬು. ಪೂರ್ತಿ ಹಣವನ್ನು ಮುಂಗಡ ಕೊಡಬೇಡಿ. ಕಾರಿನ ವಿಮೆ ಬೇರೆ, ಸಾಗಣೆ ವಿಮೆ ಬೇರೆ. ಎರಡನೆಯದನ್ನು ಮಾಡಿಸಿ, ಸಾಮಾನಿನ ಚಿತ್ರ ತೆಗೆದಿಟ್ಟುಕೊಳ್ಳಿ.

ಕಾರು 12 ತಿಂಗಳಿಗಿಂತ ಹೆಚ್ಚು ಅಲ್ಲಿರುವುದಾದರೆ ಮರುನೋಂದಣಿ ಆಗಬೇಕು. ಅದಕ್ಕೆ ನಿಮ್ಮ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ. ಊರು ಬಿಡುವ ಮೊದಲೇ ಮಾಡಿಸಿ. ಲೇಹ್‌ನಲ್ಲಿ ಕುಳಿತು ಇಲ್ಲಿನ ಕಚೇರಿಗೆ ಪತ್ರ ಬರೆಯುವ ಸುಖ ನನಗೆ ಗೊತ್ತು. ದೇಶವಿಡೀ ನಡೆಯುವ ಬಿಎಚ್ ಸರಣಿಯ ನೋಂದಣಿ ಸಂಖ್ಯೆಯಿದ್ದರೆ ಈ ಪರಿಚ್ಛೇದವನ್ನೇ ಮರೆತುಬಿಡಿ.

7. ದಾರಿ

ಕಾರನ್ನು ಕ್ಯಾರಿಯರ್ ಲಾರಿಯಲ್ಲಿ ಜಮ್ಮುವಿನವರೆಗೆ ಕಳಿಸಿ, ಅಲ್ಲಿಂದ ನೀವೇ ಓಡಿಸಿ. ಏರಿಸುವ ಮುನ್ನ ಫಾಸ್ಟ್ಯಾಗ್ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಲಾರಿಯ ಮೇಲೆ ಕುಳಿತ ನನ್ನ ಕಾರು ಮೂರು ಟೋಲ್‌ಗಳಲ್ಲಿ ಹಣ ಕಟ್ಟಿತ್ತು.

ಮನಾಲಿ ರಸ್ತೆ ಚೆಂದ, ಹೊಸಬರಿಗೆ ಬೇಡ. ಅಲ್ಲಿ ಒಂದೆರಡು ದಿನದೊಳಗೆ 5,000 ಮೀಟರ್ ದಾಟುತ್ತೀರಿ. ಶ್ರೀನಗರದ ದಾರಿಯಲ್ಲಿ ಅತಿ ಎತ್ತರದ ಫೋತು ಲಾ ಸುಮಾರು 4,100 ಮೀಟರ್, ರಾತ್ರಿ ತಂಗುವ ಕಾರ್ಗಿಲ್ 2,700ರ ಆಸುಪಾಸು. ಮೈಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಜೋಜಿ ಲಾ ದಾಟುವ ಸಮಯವನ್ನು ಸಂಚಾರ ಪೊಲೀಸರು ಪ್ರಕಟಿಸುತ್ತಾರೆ, ಹಿಂದಿನ ಸಂಜೆ ವಿಚಾರಿಸಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅತ್ತ ಕೆಲಸ ಮಾಡುವುದಿಲ್ಲ. ಊರಿನಲ್ಲೇ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಲಾರಿ ಎಲ್ಲಿದೆ ಎಂದು ಕೇಳಲೂ ದಾರಿಯಿಲ್ಲ.

8. ತಲುಪಿದ ಮೇಲೆ

ಸಾಮಾನಿಗಿಂತ ಮೂರು ದಿನ ಮೊದಲು ನೀವಿರಬೇಕು. ಮೊದಲ ಎರಡು ದಿನ ಒಂದು ಬಿಂದಿಗೆಯನ್ನೂ ಎತ್ತಬೇಡಿ. ಉಸಿರು ಹತ್ತುವುದನ್ನು ಆಲಸ್ಯವೆಂದು ಗದರಿಕೊಂಡು ಕೆಲಸಕ್ಕಿಳಿದವರನ್ನು ಆಸ್ಪತ್ರೆಗೆ ಕರೆದೊಯ್ದದ್ದಿದೆ. ಲಾರಿ ಬಂದಾಗ ಹಮಾಲರಿಗೆ ಹಣ ಕೊಟ್ಟು, ಕುರ್ಚಿ ಹಾಕಿಕೊಂಡು ಪಟ್ಟಿಗೆ ಗುರುತು ಹಾಕಿ. ಟಿವಿ, ಫ್ರಿಜ್, ಕಂಪ್ಯೂಟರುಗಳನ್ನು ಇಳಿಸಿದ ಕೂಡಲೇ ಚಾಲೂ ಮಾಡಬೇಡಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ಬಂದ ವಸ್ತುವಿನ ಒಳಗೂ ಬೆವರು ಮೂಡುತ್ತದೆ, ಒಂದು ರಾತ್ರಿ ಕಳೆಯಲಿ.

ಕಾರನ್ನು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಹೆಪ್ಪುಗಟ್ಟಿದರೆ ಬೆಳಿಗ್ಗೆ ಬಿಡಿಸಲಾಗದು. ಗೇರ್‌ನಲ್ಲಿಟ್ಟು, ಚಕ್ರಗಳಿಗೆ ಎರಡು ಕಲ್ಲು ಕೊಟ್ಟು, ವೈಪರ್‌ಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ ಮಲಗಿ.