ಬಾರದವರ ಪೆಟ್ಟಿಗೆ: ಬಿಪಿ, ಶುಗರ್ ರೋಗಿಗಳನ್ನು ನರ್ಸ್ ನೋಡಿಕೊಂಡ ನನ್ನ ಅನುಭವ

ನರ್ಸ್ ಬಿಪಿ ನೋಡಿ ಬರೆದಿಟ್ಟರೆ ಸಾಕು, ಉಳಿದದ್ದು ಡಾಕ್ಟರ್ ನೋಡಿಕೊಳ್ಳುತ್ತಾರೆ ಎಂದವರೇ ಜಾಸ್ತಿ. ಈಗ ನಮ್ಮಲ್ಲಿ ಬಿಪಿ, ಶುಗರ್‌ಗೆ ಮಾಮೂಲಿಯಾಗಿ ಬರುವವರಲ್ಲಿ ಮುಕ್ಕಾಲು ಪಾಲು ಜನರನ್ನು ನಾನೇ ನೋಡುತ್ತೇನೆ. ಶುರು ಮಾಡುವಾಗ ಹತ್ತರಲ್ಲಿ ಮೂರು ಜನರ ಬಿಪಿ ಮಾತ್ರ 140/90ರ ಕೆಳಗಿತ್ತು. ಈಗ ಆರೇಳು ಜನರದ್ದು ಇದೆ. ನೆನಪಿನ ಲೆಕ್ಕ ಇದು, ಆದರೆ ಹೆಚ್ಚು ಕಮ್ಮಿ ಸರಿಯಾಗಿಯೇ ಇದೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಗುಂಪು ಕೂರಿಸಿ ಉಪ್ಪು, ನಡಿಗೆ, ಪಾದದ ಆರೈಕೆ ಎಂದು ಪಾಠ ಮಾಡಿದೆವು. ಬಂದವರೆಲ್ಲ ಮೊದಲಿನಿಂದಲೂ ಮಾತ್ರೆ ತಪ್ಪಿಸದವರು. ಬರಬೇಕಾದವರು ಬರಲೇ ಇಲ್ಲ. ಎಲ್ಲರಿಗೂ ಮೆಸೇಜ್ ಕಳಿಸಿದೆವು. ಒಂದೆರಡು ತಿಂಗಳು ಜನ ಬಂದರು, ಆಮೇಲೆ ಯಾರೂ ಅದನ್ನು ಓದಲಿಲ್ಲ. ಮನೆಯಲ್ಲಿ ಬಿಪಿ ನೋಡಿ ಬರೆದು ತನ್ನಿ ಎಂದು ಹಾಳೆ ಕೊಟ್ಟರೆ ದಿನವೂ 130/80, 120/80. ಮೆಷಿನ್ನಿನ ಮೆಮೊರಿ ತೆಗೆದು ನೋಡಿದರೆ ಕಥೆಯೇ ಬೇರೆ. ಈಗ ಹಾಳೆ ಕೇಳುವುದಿಲ್ಲ, ಮೆಷಿನ್ನನ್ನೇ ತರಲು ಹೇಳುತ್ತೇನೆ.

ಕೊನೆಗೆ ಕೈಹಿಡಿದದ್ದು ಒಂದು ಕಾರ್ಡಿನ ಪೆಟ್ಟಿಗೆ. ತಿಂಗಳಿಗೊಂದು ಖಾನೆ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಬಂದು ಹೋದವರ ಕಾರ್ಡು ಮುಂದೆ ಬರಬೇಕಾದ ತಿಂಗಳ ಖಾನೆಗೆ ಹೋಗುತ್ತದೆ. ತಿಂಗಳ ಕೊನೆಗೆ ಖಾನೆಯಲ್ಲಿ ಉಳಿದದ್ದೇ ಬಾರದವರ ಪಟ್ಟಿ. ಕಂಪ್ಯೂಟರ್ ಇರುವಾಗ ಇದ್ಯಾಕೆ ಎಂದು ಎಲ್ಲರೂ ಕೇಳಿದರು. ಕಂಪ್ಯೂಟರಿನಲ್ಲಿ ಬಂದವರ ಲೆಕ್ಕ ಚೆನ್ನಾಗಿ ಸಿಗುತ್ತಿತ್ತು. ಬಾರದವರ ಹೆಸರನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ. ಉಳಿದ ಕಾರ್ಡು ಮಾತ್ರ ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ. ವಾರಕ್ಕೊಂದು ಮಧ್ಯಾಹ್ನ ಕೂತು ಅವರಿಗೆಲ್ಲ ನಾನೇ ಫೋನ್ ಮಾಡುತ್ತೇನೆ. ಮೊದಲ ಮಾತು ಏನಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಪಳಗಿಸಿಕೊಳ್ಳಲು ತುಂಬಾ ಕಾಲ ಹಿಡಿಯಿತು. ‘ಯಾಕೆ ಬಂದಿಲ್ಲ’ ಎಂದು ಮಾತ್ರ ಶುರು ಮಾಡಬೇಡಿ.

ಜೊತೆಗೆ ಡಾಕ್ಟರ್ ಸಹಿ ಹಾಕಿದ ಒಂದು ಪುಟದ ಪ್ರೋಟೋಕಾಲ್ ಬೇಕೇ ಬೇಕು. ಮಾತ್ರೆ ತಪ್ಪಿಸದೆ ತಗೊಂಡೂ ಬಿಪಿ ಇಳಿಯದಿದ್ದರೆ ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿ.ಗ್ರಾಂನಿಂದ 10ಕ್ಕೆ, ತಿಂಗಳಿಗೆ ಮತ್ತೆ ನೋಡುವುದು, ಅದರಾಚೆ ಡಾಕ್ಟರ್. ಈ ಸಹಿಗೆ ಬಹಳ ಓಡಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೃದಯ, ರಕ್ತನಾಳದ ಕಾಯಿಲೆಗಳ ಆರೈಕೆಗೆಂದು ತಂದ ಹಾರ್ಟ್ಸ್ ಕೈಪಿಡಿಯಲ್ಲಿ ತಂಡವಾಗಿ ಕೆಲಸ ಹಂಚಿಕೊಳ್ಳುವುದಕ್ಕೇ ಒಂದು ಭಾಗ ಇದೆ. ಅದನ್ನು ಮುಂದಿಟ್ಟ ಮೇಲೆ ಮಾತು ನಿಂತಿತು. ನರ್ಸ್ ಡೋಸ್ ಬದಲಿಸುವಂತಿಲ್ಲ ಎನ್ನುವ ಕಡೆ ನೀವು ಬರೆದಿಟ್ಟು ಡಾಕ್ಟರ್ ಹತ್ತಿರ ಸಹಿ ಮಾಡಿಸಿಕೊಳ್ಳಿ, ಹಾಗಿದ್ದರೂ ಪೆಟ್ಟಿಗೆ ನಡೆಯುತ್ತದೆ.

ಇನ್ನು ದುಡ್ಡು. ಪೆಟ್ಟಿಗೆಗೆ ಖರ್ಚೇ ಇಲ್ಲ. ದುಡ್ಡು ತಿನ್ನುತ್ತಿದ್ದದ್ದು ಬೆರಳು ಚುಚ್ಚಿ ಶುಗರ್ ನೋಡುವ ಸ್ಟ್ರಿಪ್. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೂ ಬಂದಾಗಲೆಲ್ಲ ಬೆರಳು ಚುಚ್ಚುತ್ತಿದ್ದೆವು. ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಇದೆಯಲ್ವಾ? ಸುಮ್ನೆ ಚುಚ್ಚುವುದನ್ನು ಬಿಟ್ಟೆವು. ಎಚ್‌ಬಿಎ1ಸಿಯನ್ನೂ ತಿಂಗಳು ತಿಂಗಳು ಮಾಡಿಸುತ್ತಿದ್ದರು, ಅದೂ ನಿಂತಿತು. ಸ್ಟ್ರಿಪ್ ಖರ್ಚು ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯಿತು. ಉಳಿದ ದುಡ್ಡಿನಲ್ಲಿ ದೊಡ್ಡ ಅಳತೆಯ ಕಫ್, ಅಂದರೆ ಬಿಪಿ ನೋಡಲು ತೋಳಿಗೆ ಕಟ್ಟುವ ಪಟ್ಟಿ, ತರಿಸಿದೆ. ಎಷ್ಟು ಅರ್ಜಿ ಬರೆದರೂ ಅದಕ್ಕೆ ಮಂಜೂರಾತಿ ಸಿಕ್ಕಿರಲಿಲ್ಲ. ದಪ್ಪ ತೋಳಿಗೆ ಮಾಮೂಲಿ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಒಬ್ಬರಿಗೆ ಮೇಲಿನದು 160ರ ಹತ್ತಿರ ಬರುತ್ತಿತ್ತು, ಮೂರನೇ ಮಾತ್ರೆ ಬರೆಯುವುದರಲ್ಲಿದ್ದರು. ದೊಡ್ಡ ಕಫ್ ಕಟ್ಟಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಐದು ನಿಮಿಷ ಮಾತಿಲ್ಲದೆ ಕೂರಿಸಿದೆ. 138 ಬಂತು. ಇಂಥ ಬೇಡದ ಮಾತ್ರೆ ಒಂದೊಂದು ಉಳಿದರೂ ಕಫ್‌ನ ದುಡ್ಡು ಬೇಗ ವಾಪಸ್ ಬರುತ್ತದೆ.

ನಡುವೆ ಇನ್ಸುಲಿನ್ ಕಡೆಗೂ ಹೋದೆ. ಡೋಸ್ ಏರಿಸುತ್ತಲೇ ಇದ್ದರೂ ಒಬ್ಬರ ಶುಗರ್ ಇಳಿಯುತ್ತಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಹೊಕ್ಕುಳ ಪಕ್ಕ ರಬ್ಬರಿನಂಥ ಗಂಟು. ನೋವಾಗುವುದಿಲ್ಲ ಎಂದು ವರ್ಷಗಟ್ಟಲೆ ಅಲ್ಲೇ ಚುಚ್ಚಿಕೊಂಡಿದ್ದರು. ಗಂಟಿಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜಾಗ ಬದಲಿಸಿದೆವು. ಆದರೆ ಹುಷಾರು, ಡಾಕ್ಟರಿಗೆ ಹೇಳಿ ಡೋಸ್ ಮೊದಲೇ ಇಳಿಸಿಕೊಳ್ಳಿ. ಒಳ್ಳೆಯ ಜಾಗದಲ್ಲಿ ಅಷ್ಟೇ ಡೋಸ್ ಕೊಟ್ಟರೆ ಶುಗರ್ ಕುಸಿಯುತ್ತದೆ. ಈಗ ಇನ್ಸುಲಿನ್ ತಗೊಳ್ಳುವ ಎಲ್ಲರ ಹೊಟ್ಟೆ, ತೊಡೆ ಮುಟ್ಟಿಯೇ ನೋಡುತ್ತೇನೆ. ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುತ್ತದೆ.

ಈಚೆಗೆ ಇನ್‌ಹೇಲರ್‌ನವರನ್ನೂ ಪೆಟ್ಟಿಗೆಗೆ ಸೇರಿಸುತ್ತಿದ್ದೇನೆ. ಉಬ್ಬಸ ಇಳಿದ ಕೂಡಲೇ ದಿನದ ಇನ್‌ಹೇಲರ್ ಬಿಟ್ಟುಬಿಡುತ್ತಾರೆ, ಬರುವ ದಿನಕ್ಕೆ ಮಾತ್ರ ತಪ್ಪದೆ ಬರುತ್ತಾರೆ. ಹಾಗಾಗಿ ಬಾರದವರನ್ನು ಹಿಡಿಯುವ ಖಾನೆ ಇವರನ್ನು ಹಿಡಿಯುವುದಿಲ್ಲ. ಅದಕ್ಕೆ ಡಬ್ಬಿ ಮುಗಿಯಬೇಕಾದ ದಿನವನ್ನು ಕಾರ್ಡಿನ ಮೇಲೆ ಬರೆಯುತ್ತೇನೆ. ದಿನಕ್ಕೆ 4 ಪಫ್ ಎಂದರೆ 120 ಪಫ್‌ನ ಡಬ್ಬಿ 30 ದಿನಕ್ಕೆ ಖಾಲಿಯಾಗಬೇಕು. ಡಬ್ಬಿಯ ಮೇಲಿನ ಪಫ್ ಎಣಿಸುವ ಕೌಂಟರ್‌ನಲ್ಲಿ ಇನ್ನೂ ಉಳಿದಿದ್ದರೆ ಕಾರ್ಡಿನ ಮೂಲೆಗೆ ಕೆಂಪು ಗೆರೆ. ಸದ್ಯಕ್ಕೆ ಅರ್ಧಕ್ಕಿಂತ ಜಾಸ್ತಿ ಕಾರ್ಡುಗಳಲ್ಲಿ ಕೆಂಪು ಗೆರೆ ಇದೆ.